ಸಚಿವರೇ, ಈ ಟೆಸ್ಟನ್ನು ಟೆಸ್ಟ್ ಮಾಡಿದವರು ಯಾರು?

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನನ್ನ ಮೂತ್ರಕೋಶದ ಗಡ್ಡೆ ತೆಗೆದು ಆರು ವರ್ಷವಾಯ್ತು. ಮತ್ತೆ ಮತ್ತೆ ಬರುವ ಕ್ಯಾನ್ಸರ್ ಇದು. ಹಾಗಾಗಿ ಮೊದಲು ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಸಿಸ್ಟೋಸ್ಕೋಪಿ. ಮೂತ್ರ ಬರುವ ದಾರಿಯಲ್ಲೇ ಕ್ಯಾಮೆರಾ ಕೊಳವೆ ತೂರಿಸುತ್ತಾರೆ. ಆಮೇಲೆ ಎರಡು ದಿನ ಮೂತ್ರಕ್ಕೆ ಹೋಗುವುದೆಂದರೆ ಬೆಂಕಿ ಇಟ್ಟ ಹಾಗೆ. 14 ಸಲ ಹೀಗೆ ಮಲಗಿದ್ದೇನೆ. ಅಂಥವನಿಗೆ ಒಂದು ಲ್ಯಾಬಿನವರು ‘ಕ್ಯಾಮೆರಾ ಯಾಕೆ, ಮೂತ್ರ ಕೊಡಿ, ಜೀನ್ ಟೆಸ್ಟ್ ಮಾಡ್ತೀವಿ’ ಅಂದರೆ ಹೇಗಿರುತ್ತೆ? ಅವರ ಕಾಲಿಗೆ ಬೀಳೋಣ ಅನ್ನಿಸಿತ್ತು.

ರಿಪೋರ್ಟ್ ಬಂತು. ಹಸಿರು ಅಕ್ಷರದಲ್ಲಿ ‘ನೆಗೆಟಿವ್’. ಖುಷಿಯಲ್ಲಿ ಆ ಸಲದ ಸಿಸ್ಟೋಸ್ಕೋಪಿ ಬಿಟ್ಟೆ. ಏಳು ತಿಂಗಳಿಗೆ ಮೂತ್ರ ಕೆಂಪಾಯ್ತು. ನೋಡಿದರೆ ಗಡ್ಡೆ ಆರಾಮಾಗಿ ಕೂತಿದೆ. ಲ್ಯಾಬಿಗೆ ಫೋನ್ ಮಾಡಿದರೆ, ‘ಕೊನೆ ಸಾಲು ಓದಿಲ್ವಾ ಸಾರ್?’ ಅಂದರು. ಓದಿದೆ, ಭೂತಗನ್ನಡಿ ಹಿಡಿದು. ‘ಈ ಫಲಿತಾಂಶ ಒಂದನ್ನೇ ನಂಬಿ ನಿರ್ಧಾರ ಮಾಡಬಾರದು.’ ಹಾಗಾದರೆ ದುಡ್ಡು ಯಾತಕ್ಕೆ ತಗೊಂಡರು?

ವಿಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ. ಮೂತ್ರದಲ್ಲಿ ಉದುರಿದ ಕೋಶಗಳನ್ನು ನೋಡುವ ಹಳೆಯ ಸೈಟಾಲಜಿ, ಜೋರಾಗಿ ಹಬ್ಬುವ ಗಡ್ಡೆಯನ್ನು ಚೆನ್ನಾಗಿ ಹಿಡಿಯುತ್ತೆ, ನಿಧಾನದ ಗಡ್ಡೆಯನ್ನು ಎಷ್ಟೋ ಸಲ ಬಿಡುತ್ತೆ. ಫಿಶ್ (FISH) ಅನ್ನೋ ಇನ್ನೊಂದು ಮೂತ್ರದ ಟೆಸ್ಟ್, ಆ ಕೋಶಗಳೊಳಗೆ ಜೀನ್‌ಗಳನ್ನು ಹೊತ್ತ ಎಳೆಗಳಲ್ಲಿ, ಅಂದರೆ ಕ್ರೋಮೋಸೋಮ್‌ಗಳಲ್ಲಿ, 3, 7, 17ನೆಯವು ಜಾಸ್ತಿಯಾಗಿವೆಯಾ, 9ನೆಯದರ ಒಂದು ತುಂಡು ಕಾಣೆಯಾಗಿದೆಯಾ ಅಂತ ನೋಡುತ್ತೆ. ಇನ್ನು ಕೆಲವು ಎಫ್‌ಜಿಎಫ್‌ಆರ್3, ಟರ್ಟ್ ಜೀನ್‌ಗಳ ಬದಲಾವಣೆ ಹುಡುಕುತ್ತವೆ. ಎಲ್ಲ ಸರಿ. ಆದರೆ ಯಾರ ಮೇಲೆ ಪ್ರಯೋಗ ಮಾಡಿ ನೋಡಿದ್ದು? ಒಂದು ಕಡೆ ದೊಡ್ಡ ಗಡ್ಡೆಯವರು, ಇನ್ನೊಂದು ಕಡೆ ಗಟ್ಟಿಮುಟ್ಟಾದ ಹುಡುಗರನ್ನು ನಿಲ್ಲಿಸಿದರೆ ಯಾವ ಟೆಸ್ಟಾದರೂ ಪಾಸಾಗುತ್ತೆ ಅಲ್ವಾ! ಸಣ್ಣ ಗಡ್ಡೆ ಇಟ್ಟುಕೊಂಡು ತಪಾಸಣೆಯ ಕ್ಯೂನಲ್ಲಿ ನಿಂತ ನನ್ನಂಥವರಲ್ಲಿ ಎಷ್ಟು ಜನರದ್ದು ಹಿಡಿಯಿತು, ಎಷ್ಟು ಬಿಟ್ಟಿತು? ಏನೂ ಇಲ್ಲದವರನ್ನು ಎಷ್ಟು ಸಲ ಸುಮ್ನೆ ಹೆದರಿಸಿತು? ಆ ಅಂಕಿ ಕೊಡಿ.

ನಿಯಮಗಳು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಒಂದು ಮಾತ್ರೆ ಮಾರಾಟಕ್ಕೆ ಬರಬೇಕಾದರೆ ಎಷ್ಟು ಪುರಾವೆ ಕೇಳ್ತೀರಿ! ಇದಕ್ಕೆ ಮಾತ್ರ ಹಸಿರು ಶಾಯಿ ಸಾಕಾಯ್ತಾ? ಮೂರು ಅರ್ಜಿ ಹಾಕಿದೆ. ‘ಪರಿಶೀಲನೆಯಲ್ಲಿದೆ’ ಅಂತ ಮೂರು ಉತ್ತರ ಬಂತು. ಅಂಕಿ ಬರಲಿಲ್ಲ. ದಯವಿಟ್ಟು ಅಂಕಿ ಕೊಡಿ.

ಮುಂದಿನ ಮಂಗಳವಾರ ಮತ್ತೆ ನನ್ನ ಸರದಿ. ಕಾಯುವ ಕೋಣೆಯ ಗೋಡೆಯಲ್ಲಿ ಅದೇ ಲ್ಯಾಬಿನ ಪೋಸ್ಟರ್ ಇದೆ, ‘ನೋವಿಲ್ಲದೆ ನೆಮ್ಮದಿ’ ಅಂತ. ಅಂಕಿ ಸಿಗುವವರೆಗೆ ಅದನ್ನಾದರೂ ಕೀಳಿಸಿ.

ಇತಿ,
ಕ್ಯೂನಲ್ಲಿರುವ ಒಬ್ಬ ರೋಗಿ