ಬಸುಗೊಂದು ಪತ್ರ: ಮರಳಿನ ಚೀಲ, ನೀರಿನ ಕ್ಯಾನು

ವಾಶಿ, ನವಿ ಮುಂಬಯಿ

ದೋಸ್ತ ಬಸು,

ಪುಣೆಯಲ್ಲಿ ಜಿಮ್ ಫೀಸು ಕೇಳಿ ತಲೆ ತಿರುಗಿತು ಅಂತ ಬರೆದಿದ್ದೆಯಲ್ಲ. ಜಿಮ್ಮಿನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಮೈ ಗಟ್ಟಿಯಾದರೆ ಸಾಕು ಅನ್ನುವವನಿಗೆ ಅದರ ಅಗತ್ಯವೂ ಇಲ್ಲ.

ನಿನ್ನ ರೂಮಿನ ನೀರಿನ ಕ್ಯಾನಿನಿಂದಲೇ ಶುರು ಮಾಡು. ಒಂದು ಲೀಟರ್ ನೀರು ಒಂದು ಕೆಜಿ, ತುಂಬಿದ ಕ್ಯಾನು 20 ಕೆಜಿ. ಅರ್ಧ ತುಂಬಿಸಿದರೆ ಭಾರ ಅರ್ಧವಾಗುತ್ತದೆ, ಕಷ್ಟ ಮಾತ್ರ ಅರ್ಧವಾಗುವುದಿಲ್ಲ. ಒಳಗೆ ನೀರು ಕುಲುಕುತ್ತಾ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆಯುತ್ತದೆ. ನೆಟ್ಟಗೆ ನಡೆಯಬೇಕಾದರೆ ಹೊಟ್ಟೆ, ಸೊಂಟ ಎರಡನ್ನೂ ಬಿಗಿ ಹಿಡಿಯಲೇಬೇಕು. ಎರಡು ಕೈಗೆ ಎರಡು ಬಕೆಟ್ ಹಿಡಿದು ಟೆರೇಸಿನ ಈ ತುದಿಯಿಂದ ಆ ತುದಿಗೆ ನಡೆದು ನೋಡು. ಮೊದಲು ಸೋಲುವುದು ತೋಳಲ್ಲ, ಬೆರಳು.

ಆಮೇಲೆ ಮರಳಿನ ಚೀಲ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಸಿಮೆಂಟಿನ ಖಾಲಿ ಚೀಲ ಸಿಕ್ಕರೆ ತೊಳೆದು ಒಣಗಿಸು. ಮರಳನ್ನು ದಪ್ಪ ಪ್ಲಾಸ್ಟಿಕ್ ಕವರಿಗೆ ತುಂಬಿ, ಬಾಯಿಗೆ ಟೇಪು ಸುತ್ತಿ, ಆ ಚೀಲದೊಳಗೆ ಇಡು. ಇಲ್ಲದಿದ್ದರೆ ಹೊಲಿಗೆಯಿಂದ ಸಣ್ಣಗೆ ಸೋರಿ ಕೊರಳ ತುಂಬಾ ಮರಳಾಗುತ್ತದೆ. ಪೂರ್ತಿ ತುಂಬಬೇಡ, ಒಳಗೆ ಹೊರಳಲು ಜಾಗ ಇರಲಿ. ಒಣ ಮರಳು ಲೀಟರಿಗೆ ಒಂದೂವರೆ ಕೆಜಿ ದಾಟುತ್ತದೆ, ಹಾಗಾಗಿ ನೋಡಲು ಸಣ್ಣದಾಗಿದ್ದರೂ ಭಾರ ಜಾಸ್ತಿ. ಮೊದಲಿಗೆ 15 ಕೆಜಿ ಸಾಕು.

ಎತ್ತುವ ರೀತಿ ನಿನಗೆ ಗೊತ್ತಿರುವುದೇ. ಊರ ಜಾತ್ರೆಯಲ್ಲಿ ಗುಂಡುಕಲ್ಲು ಎತ್ತುವವರನ್ನು ನೆನಪು ಮಾಡಿಕೋ. ಒಂದೇ ಏಟಿಗೆ ಹೆಗಲಿಗೆ ಹಾರಿಸುತ್ತಿರಲಿಲ್ಲ. ಕುಕ್ಕರಗಾಲಲ್ಲಿ ಕೂತು, ಕಲ್ಲನ್ನು ಅಪ್ಪಿ, ಮೊದಲು ತೊಡೆಯ ಮೇಲೆ ತಂದುಕೊಳ್ಳುತ್ತಿದ್ದರು. ಅಲ್ಲಿ ಒಂದು ಉಸಿರು. ಆಮೇಲೆ ಎದೆಗೆ, ಆಮೇಲೆ ಹೆಗಲಿಗೆ. ಚೀಲಕ್ಕೂ ಹಾಗೇ ಮಾಡು. ಚೀಲ ಮೈಯಿಂದ ದೂರ ಹೋದಷ್ಟೂ ಅದರ ಭಾರ ಬೆನ್ನಿನ ಮೇಲೆ ಬೀಳುತ್ತದೆ. ಹೆಗಲು ಪ್ರತಿ ಸಲ ಬದಲಿಸು. ಬೆನ್ನು ಬಾಗಲು ಶುರುವಾಯಿತೋ, ಅವತ್ತಿಗೆ ಮುಗಿಯಿತು.

ಇಲ್ಲಿ ಎಪಿಎಂಸಿ ಮಾರ್ಕೆಟ್ಟಿನ ಹಮಾಲರು 50 ಕೆಜಿ ಚೀಲ ಹೊತ್ತು ಸಣ್ಣ ಸಣ್ಣ ಹೆಜ್ಜೆಯಲ್ಲಿ ಓಡುತ್ತಾರೆ. ಹೆಜ್ಜೆ ಹಾಕುವುದನ್ನು ಅವರಿಂದ ಕಲಿ. ಆದರೆ ಅವರಷ್ಟು ಹೊರುತ್ತೇನೆ ಅಂತ ಹೋಗಬೇಡ. ಅವರದು ಹೊಟ್ಟೆಪಾಡು, ಮೊಣಕಾಲು ನೋಯುತ್ತದೆ ಅಂತ ಇಳಿಸಿ ಕೂರುವ ಹಾಗಿಲ್ಲ. ನಾವು ಸುಮ್ನೆ ಚಟಕ್ಕೆ ಎತ್ತುವವರು, ಇಳಿಸಬಹುದು.

ಗ್ಯಾಸ್ ಸಿಲಿಂಡರ್ ಮಾತ್ರ ಮುಟ್ಟಬೇಡ ಮಾರಾಯ. ಒಳಗೆ 14.2 ಕೆಜಿ ಗ್ಯಾಸು, ಉಕ್ಕು ಸೇರಿ ಸುಮಾರು 30 ಕೆಜಿ, ಹಿಡಿಯಲು ಮೇಲೆ ಬಳೆ ಬೇರೆ. ಆಸೆ ಆಗುತ್ತದೆ. ಕೈ ಜಾರಿ ವಾಲ್ವಿಗೆ ಏಟು ಬಿದ್ದರೆ ಏನು ಗತಿ?

ವಾರಕ್ಕೆ ಮೂರು ದಿನ ಅರ್ಧ ತಾಸು ಸಾಕು, ನಡುವೆ ಒಂದೊಂದು ದಿನ ಬಿಡು. ರೂಮಿನೊಳಗೆ ಚೀಲ ಕೆಡವಿದರೆ ಕೆಳಗಿನ ಮನೆಯ ಕಾಕು ಮೇಲೆ ಬರುತ್ತಾರೆ. ಅದಕ್ಕೇ ಟೆರೇಸಿನ ಕೀ ಯಾರ ಹತ್ತಿರ ಇದೆ ಅಂತ ಇವತ್ತೇ ವಿಚಾರಿಸು.

ನಿನ್ನ,
ಮಲ್ಲು