ಮಗಳಿಗೊಂದು ಪತ್ರ: ಹಳೆಯ ಸ್ಪೀಕರ್ ಮನೆಗೆ ತರುವ ಮುನ್ನ

ಪ್ರೀತಿಯ ಪುಟ್ಟಿ,

ಭಾನುವಾರ ಆ ಹಳೆಯ ಜೋಡಿ ಸ್ಪೀಕರ್ ನೋಡಲು ಹೋಗುತ್ತೇನೆ ಎಂದಿದ್ದೀಯಲ್ಲ, ಹೊರಡುವ ಮುಂಚೆ ಇದನ್ನು ಓದಿಕೋ. ಫೋನಿನಲ್ಲಿ ಹೇಳಿದರೆ ಅಂಕಿಗಳು ನೆನಪಿನಲ್ಲಿ ಉಳಿಯುವುದಿಲ್ಲ.

ಚೆನ್ನಾಗಿ ಕಟ್ಟಿದ ಸ್ಪೀಕರಿಗೆ ಐವತ್ತು ವರ್ಷ ದೊಡ್ಡ ವಯಸ್ಸಲ್ಲ. ಅಯಸ್ಕಾಂತ, ತಾಮ್ರದ ಕಾಯಿಲ್ (ತಂತಿಯ ಸುರುಳಿ), ಆಡಿ ದನಿ ಹೊರಡಿಸುವ ಕಾಗದದ ಕೋನ್, ಮರದ ಪೆಟ್ಟಿಗೆ ಇವು ತಾವಾಗಿಯೇ ಕೆಡುವುದು ಅಪರೂಪ. ಕೆಡುವುದು ಕೋನ್ ಸುತ್ತಲಿನ ಫೋಮ್ ಅಂಚು, ಕೆಳಗಿನ ಮತ್ತು ಮೇಲಿನ ಸ್ವರಗಳನ್ನು ಬೇರ್ಪಡಿಸುವ ಕ್ರಾಸ್‌ಓವರಿನ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್, ಮಟ್ಟ ಹೊಂದಿಸುವ ಗುಂಡಿಗಳ ಸಂಪರ್ಕ, ಮೇಲಿನ ಸ್ವರ ನುಡಿಸುವ ಕೆಲವು ಟ್ವೀಟರುಗಳ ಒಳಗೆ ಗಟ್ಟಿಯಾಗುವ ಫೆರೋಫ್ಲೂಯಿಡ್ ಎಂಬ ದ್ರವ. ಕೆಟ್ಟದ್ದನ್ನು ಬದಲಿಸು, ಮಿಕ್ಕದ್ದನ್ನು ಮುಟ್ಟಬೇಡ. ಹಳೆಯ ಸ್ಪೀಕರುಗಳು ಹೆಚ್ಚಾಗಿ ಹಾಳಾಗುವುದು ವಯಸ್ಸಿನಿಂದಲ್ಲ, 'ಸುಧಾರಿಸಲು' ಹೊರಟವರಿಂದ.

ಮೊದಲು ಮುಂದಿನ ಜಾಲರಿ ಬಟ್ಟೆಯನ್ನು ತೆಗೆಸಿ ನೋಡು. ಎರಡೂ ಪೆಟ್ಟಿಗೆಯ ಡ್ರೈವರುಗಳು, ಅಂದರೆ ದನಿ ಹೊರಡಿಸುವ ಘಟಕಗಳು, ಒಂದೇ ನಮೂನೆಯವಾ? ಕೆಳಸ್ವರ ನುಡಿಸುವ ದೊಡ್ಡ ಡ್ರೈವರಾದ ವೂಫರಿನ ಅಂಚು ಫೋಮ್ ಆಗಿದ್ದರೆ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟು. ಪುಡಿ ಉದುರಿದರೆ ಅಥವಾ ಜಿಗುಟಾಗಿ ಅಂಟಿದರೆ ಅದರ ಕಾಲ ಮುಗಿದಿದೆ. ಗಾಳಿಯ ತೇವ ಮತ್ತು ಆಮ್ಲಜನಕ ಸೇರಿ ಪಾಲಿಯುರೆಥೇನ್ ಫೋಮನ್ನು ಒಡೆಯುತ್ತವೆ, ಹಾಗಾಗಿ ಬಳಸದೆ ಇಟ್ಟರೂ ಅದು ಉಳಿಯುವುದಿಲ್ಲ. ಇದಕ್ಕೆ ಹೆದರಿ ವಾಪಸ್ ಬರಬೇಡ, ರಿಪೇರಿ ಕಷ್ಟವಿಲ್ಲ. ಜೆಬಿಎಲ್ ಎಲ್‌100 ಎಂಬ ಹಳೆಯ ಮಾಡೆಲ್ಲಿನಲ್ಲಿ ಪುಡಿಯಾಗಿರುವುದು ಮುಂದಿನ ಫೋಮ್ ಜಾಲರಿ ಮಾತ್ರ. ವೂಫರಿನ ಅಂಚು ಫೋಮ್ ಅಲ್ಲ, ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಎಆರ್ (ಅಕೂಸ್ಟಿಕ್ ರಿಸರ್ಚ್) ಕಂಪನಿಯ ಎಆರ್‌-3ಎ ವೂಫರುಗಳಲ್ಲಿ ಮೊದಲಿನವಕ್ಕೆ ಬಟ್ಟೆಯ ಅಂಚು, ನಂತರದವಕ್ಕೆ ಫೋಮ್.

ಆಮೇಲೆ ಐದೂ ಬೆರಳನ್ನು ಕೋನ್ ಮೇಲೆ ಸಮನಾಗಿ ಹರಡಿ ಕೆಲವೇ ಮಿಲಿಮೀಟರ್ ಒಳಕ್ಕೆ ಒತ್ತಿ ಬಿಡು. ಕರಕರ ಸದ್ದು ಬಂದರೆ ವಾಯ್ಸ್ ಕಾಯಿಲ್ (ಕೋನ್‌ಗೆ ಅಂಟಿದ ಆ ತಾಮ್ರದ ಕಾಯಿಲ್) ಅಯಸ್ಕಾಂತದ ಸಂದಿಯಲ್ಲಿ ಉಜ್ಜುತ್ತಿದೆ. ಸಾಗಿಸುವಾಗ ಕೆಳಗೆ ಬಿದ್ದು ಅಯಸ್ಕಾಂತವೇ ಜರುಗಿದ್ದರೂ ಹೀಗಾಗುತ್ತದೆ, ಅದು ಸುಲಭದ ಕೆಲಸವಲ್ಲ. ಎಆರ್‌ನಂಥ ಮುಚ್ಚಿದ ಪೆಟ್ಟಿಗೆಯಲ್ಲಿ ಕೋನ್ ನಿಧಾನವಾಗಿ ಹಿಂದಕ್ಕೆ ಬರಬೇಕು, ತಟ್ಟನೆ ಚಿಮ್ಮಿದರೆ ಎಲ್ಲೋ ಗಾಳಿ ಸೋರುತ್ತಿದೆ. ವಿದ್ಯುತ್ ರೋಧ ಅಳೆಯಲು ಮಲ್ಟಿಮೀಟರ್ ಮರೆಯದೆ ಒಯ್ಯಿ. 8 ಓಮ್ ಎಂದು ಬರೆದಿರುವ ವೂಫರ್ ಸುಮಾರು 5.5ರಿಂದ 7 ಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಟ್ವೀಟರನ್ನು ಪೆಟ್ಟಿಗೆಯ ಹಿಂದಿನ ತುದಿಗಳಲ್ಲಿ ಅಳೆಯಲಾಗದು, ನಡುವೆ ಕೆಪ್ಯಾಸಿಟರ್ ಇರುತ್ತದೆ. ಅದಕ್ಕೆ ಕಿವಿಯೇ ಬೇಕು. ಮೋನೋ ಧ್ವನಿಮುದ್ರಣವೊಂದನ್ನು ಮೆಲ್ಲಗೆ ಹಾಕಿ ನಡುವೆ ಕೂತುಕೋ. ಹಾಡುವವರ ದನಿ ನಡುವೆ ನಿಂತು, 'ಸ', 'ಶ' ಅಕ್ಷರಗಳು ಮಾತ್ರ ಒಂದು ಪಕ್ಕಕ್ಕೆ ಎಳೆದರೆ ಇನ್ನೊಂದು ಪಕ್ಕದ ಟ್ವೀಟರ್ ಸೊರಗಿದೆ ಎಂದರ್ಥ.

ಫೋಮ್ ಬದಲಿಸುವ ಕೆಲಸ ನೀನೇ ಮಾಡಬಹುದು. ಅವಸರ ಬೇಡ, ಒಣಗುವ ಹೊತ್ತನ್ನೂ ಸೇರಿಸಿ ಎರಡು ದಿನ ಬಿಡುವಿಟ್ಟುಕೋ. ವೂಫರ್ ಬಿಚ್ಚುವ ಮೊದಲು ತಂತಿಗಳ ಬಣ್ಣದ ಫೋಟೋ ತೆಗೆ. ಸ್ಕ್ರೂಡ್ರೈವರನ್ನು ಎರಡೂ ಕೈಯಲ್ಲಿ ಹಿಡಿ. ಅಯಸ್ಕಾಂತ ಅದನ್ನು ಸೆಳೆದುಕೊಂಡರೆ ತುದಿ ನೇರ ಕೋನ್‌ಗೆ ತೂತು ಮಾಡುತ್ತದೆ. ಹಳೆಯ ಫೋಮನ್ನೂ ಅಂಟನ್ನೂ ಮೊಂಡು ಚಾಕುವಿನಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸು. ಕಾಗದದ ಕೋನ್ ನೆನೆಯಬಾರದು. ಹೊಸ ಅಂಚು ಆ ಮಾಡೆಲ್ಲಿಗೇ ಮಾಡಿದ್ದಿರಲಿ. ವ್ಯಾಸ ಸರಿಹೊಂದಿದರೆ ಸಾಲದು, ಅದರ ಬಿಗಿ ಬೇರೆಯಾದರೆ ವೂಫರಿನ ಅನುರಣನವೇ ಬದಲಾಗುತ್ತದೆ.

ಒಳ ಅಂಚನ್ನು ಮೊದಲು ಕೋನ್‌ಗೆ ಅಂಟಿಸು. ನೀರು ಬೆರೆಯುವ ಬಿಳಿ ಅಂಟು ಒಳ್ಳೆಯದು, ಒಣಗುವವರೆಗೆ ಸರಿಪಡಿಸಲು ಸಮಯ ಕೊಡುತ್ತದೆ. ಅದು ರಾತ್ರಿಯಿಡೀ ಒಣಗಲಿ. ಮರುದಿನ ಹೊರ ಅಂಚನ್ನು ಲೋಹದ ಚೌಕಟ್ಟಿಗೆ ಅಂಟಿಸುವುದು, ಇಡೀ ಕೆಲಸದ ಜೀವಾಳ ಇದೇ. ಕಾಯಿಲ್ ಸಂದಿಯ ಸರಿಯಾದ ನಡುವಿಗೆ ನಿಲ್ಲಬೇಕು. ಕೋನ್ ನಡುವಿನ ಡಸ್ಟ್ ಕ್ಯಾಪ್ ಎಂಬ ಮುಚ್ಚಳವನ್ನು ಕತ್ತರಿಸಿ ಕಾಯಿಲ್ ಸುತ್ತ ತೆಳು ಪಟ್ಟಿಗಳನ್ನು ತೂರಿಸುವುದು ಒಂದು ದಾರಿ. ಕ್ಯಾಪ್ ಕತ್ತರಿಸುವುದು ನನಗೆ ಒಪ್ಪಿಗೆಯಿಲ್ಲ. ಅದರ ಬದಲು ಆಂಪ್ಲಿಫೈಯರಿನಿಂದ 20-30 ಹರ್ಟ್ಜಿನ ಸ್ವರವನ್ನು ಬಹಳ ಮೆಲ್ಲಗೆ ಕೊಟ್ಟು, ಕೋನ್ ಆಡುತ್ತಿರುವಾಗಲೇ ಅಂಚನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸು. ಉಜ್ಜುವ ಸದ್ದು ನಿಂತ ಜಾಗವೇ ನಡು. ಅಲ್ಲಿ ಒತ್ತಿ ಹಿಡಿ, ಸ್ವರ ನಿಲ್ಲಿಸು, ಸುತ್ತ ಕ್ಲಿಪ್ ಹಾಕಿ 24 ಗಂಟೆ ಬಿಡು.

ಈಗ ಕೆಪ್ಯಾಸಿಟರ್. ಎಲೆಕ್ಟ್ರೋಲಿಟಿಕ್ ಒಳಗಿನ ದ್ರವ ವರ್ಷಗಳಲ್ಲಿ ಒಣಗುತ್ತದೆ. ಒಳರೋಧ ಏರುತ್ತದೆ, ಅಳತೆ ಜಾರುತ್ತದೆ, ಮೇಲಿನ ಸ್ವರಗಳು ಮಬ್ಬಾಗುತ್ತವೆ. ಅದರ ಒಂದು ತಂತಿಯನ್ನು ಬೆಸುಗೆಯಿಂದ ಬಿಡಿಸಿಯೇ ಅಳೆಯಬೇಕು. ಬರೆದಿರುವ ಮೈಕ್ರೋಫ್ಯಾರಡ್‌ಗಿಂತ 10 ಪ್ರತಿಶತಕ್ಕೂ ಹೆಚ್ಚು ವ್ಯತ್ಯಾಸವಿದ್ದರೆ ಬದಲಿಸು, ಎರಡೂ ಪೆಟ್ಟಿಗೆಯಲ್ಲಿ ಒಟ್ಟಿಗೇ ಬದಲಿಸು. ಹಾಕುವುದು ಬೈಪೋಲಾರ್ (ಪ್ಲಸ್-ಮೈನಸ್ ಭೇದವಿಲ್ಲದ್ದು) ಆಗಿರಬೇಕು, 100 ವೋಲ್ಟಿನದು ಸಾಕು. ಪ್ಲಾಸ್ಟಿಕ್ ಪದರದ ದುಬಾರಿ ಫಿಲ್ಮ್ ಕೆಪ್ಯಾಸಿಟರ್ ಹಾಕಿದರೆ ಉತ್ತಮ ಎಂದು ಬಹಳ ಮಂದಿ ಹೇಳುತ್ತಾರೆ. ಅದರ ಒಳರೋಧ ತೀರಾ ಕಡಿಮೆ. ಮೂಲ ವಿನ್ಯಾಸಕ ಎಲೆಕ್ಟ್ರೋಲಿಟಿಕ್‌ನ ಒಳರೋಧವನ್ನೂ ಲೆಕ್ಕಕ್ಕೆ ಹಿಡಿದಿದ್ದರೆ ಟ್ವೀಟರ್ ಚುರುಕಾಗಿ ಕಿವಿಗೆ ಚುಚ್ಚುತ್ತದೆ. ಹಾಗಾದಾಗ ಸಾಲಿನಲ್ಲಿ ಅರ್ಧ ಓಮಿನ ರೆಸಿಸ್ಟರ್ ಸೇರಿಸಿ ಕೇಳು. ಕ್ರಾಸ್‌ಓವರಿನ ಕಾಯಿಲ್‌ಗಳನ್ನು, ಅಳತೆ ಸರಿಯಿರುವ ಹಳೆಯ ಫಿಲ್ಮ್ ಕೆಪ್ಯಾಸಿಟರುಗಳನ್ನು ಹಾಗೇ ಬಿಡು. ತೆಗೆದ ಪ್ರತಿ ಭಾಗವನ್ನೂ ಹೆಸರು ಬರೆದ ಕವರಿನಲ್ಲಿ ಇಡು.

ಎಆರ್‌-3ಎ ಹಿಂಬದಿಯ ಎರಡು ಗುಂಡಿಗಳು ತುಕ್ಕಿನಿಂದ ಸಂಪರ್ಕ ಕಳೆದುಕೊಳ್ಳುವುದು ಎಷ್ಟು ಸಾಮಾನ್ಯವೆಂದರೆ, ಟ್ವೀಟರ್ ಸತ್ತಿದೆ ಎಂದು ಮಾರಿದ ಪೆಟ್ಟಿಗೆಯಲ್ಲಿ ಟ್ವೀಟರ್ ಚೆನ್ನಾಗಿಯೇ ಇರಬಹುದು. ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಹತ್ತಾರು ಸಲ ತಿರುಗಿಸು. ದನಿ ಬಂದು ಹೋಗುತ್ತಿದ್ದರೆ ವೂಫರ್ ತೆಗೆದು, ಗುಂಡಿಯ ಒಳಭಾಗವನ್ನು ಬಿಚ್ಚಿ ಸ್ವಚ್ಛಮಾಡಬೇಕು. ಒಳಗೆ ತುಂಬಿರುವುದು ಗಾಜಿನ ನಾರು, ಕೈಗವಸು ಮತ್ತು ಮಾಸ್ಕ್ ಹಾಕಿಕೋ. ತೆಗೆದಷ್ಟನ್ನೂ ವಾಪಸ್ ತುಂಬು. ಎಆರ್ ಸ್ಥಾಪಕರಲ್ಲೊಬ್ಬರಾದ ಎಡ್ಗರ್ ವಿಲ್ಚರ್ 1954ರಲ್ಲಿ ತಂದ ಈ ಬಗೆಯ ಮುಚ್ಚಿದ ಪೆಟ್ಟಿಗೆಯಲ್ಲಿ ವೂಫರಿಗೆ ಸ್ಪ್ರಿಂಗ್ ಆಗಿರುವುದು ಒಳಗಿನ ಗಾಳಿಯೇ. ನಾರು ಕಡಿಮೆಯಾದರೆ ಬಾಸ್ ಸ್ವರೂಪವೇ ಕೆಡುತ್ತದೆ.

ಎರಡು ಜೋಡಿಗಳ ಬಗ್ಗೆ ಗಟ್ಟಿಯಾಗಿ ಎಚ್ಚರಿಸುತ್ತೇನೆ, ಮಗಳೇ. 1957ರ ಕ್ವಾಡ್ ಇಎಸ್‌ಎಲ್ (ಕೋನ್ ಬದಲು ತೆಳು ಪೊರೆಯನ್ನು ಹೆಚ್ಚು ವೋಲ್ಟೇಜಿನಿಂದ ಆಡಿಸುವ ಸ್ಪೀಕರ್) ಸಿಕ್ಕರೆ ಖಂಡಿತ ಕೇಳು. ಮನುಷ್ಯರ ದನಿಯನ್ನು ಅಷ್ಟು ಸಹಜವಾಗಿ ನುಡಿಸುವ ಸ್ಪೀಕರ್ ಇಂದಿಗೂ ಕಡಿಮೆ. ಆದರೆ ಅದರ ಹಿಂಬದಿ ತೆರೆಯಬೇಡ. ಬಾಸ್ ಫಲಕಗಳಿಗೆ ಸುಮಾರು 6,000 ವೋಲ್ಟ್ ಹೋಗುತ್ತದೆ, ಪ್ಲಗ್ ಕಿತ್ತ ಮೇಲೂ ವಿದ್ಯುತ್ ಆವೇಶ ಒಳಗೆ ಉಳಿದಿರುತ್ತದೆ. ದೊಡ್ಡ ಆಂಪ್ಲಿಫೈಯರ್ ಕೊಟ್ಟರೆ ಫಲಕದೊಳಗೆ ಕಿಡಿ ಹಾರಿ ಪೊರೆ ತೂತಾಗುತ್ತದೆ. ಅದೇ ಕಂಪನಿಯ 15 ವ್ಯಾಟಿನ ಕ್ವಾಡ್ II ವಾಲ್ವ್ ಆಂಪ್ಲಿಫೈಯರ್ ಅದಕ್ಕೆ ತಕ್ಕ ಜೊತೆ. ಇನ್ನೊಂದು ಯಮಾಹಾ ಎನ್‌ಎಸ್‌-1000ಎಂ. ಅದರ ಮಧ್ಯಸ್ವರದ ಮತ್ತು ಮೇಲ್ಸ್ವರದ ಗುಮ್ಮಟಗಳು ಬೆರಿಲಿಯಮ್ಮಿನವು. ಒಡೆದಿದ್ದರೆ ಮುಟ್ಟಬೇಡ, ಕೆರೆಯಬೇಡ, ಆ ಧೂಳು ಶ್ವಾಸಕೋಶಕ್ಕೆ ವಿಷ.

ಆಂಪ್ಲಿಫೈಯರ್ ಆರಿಸುವಾಗ ಸ್ಪೀಕರಿನ ಸೂಕ್ಷ್ಮತೆಯ ಅಂಕಿ ನೋಡು, ಅಂದರೆ ಒಂದು ವ್ಯಾಟಿಗೆ ಅದು ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದು. ಬಿಬಿಸಿ ವಿನ್ಯಾಸದ ಪುಟ್ಟ ಸ್ಪೀಕರ್ ಎಲ್‌ಎಸ್‌3/5ಎ ಒಂದು ವ್ಯಾಟಿಗೆ 82-83 ಡೆಸಿಬೆಲ್ ಕೊಟ್ಟರೆ, ಕಹಳೆ ಮಾದರಿಯ ದೊಡ್ಡ ಕ್ಲಿಪ್ಷ್‌ಹಾರ್ನ್ ನೂರನ್ನೂ ದಾಟುತ್ತದೆ. 20 ಡೆಸಿಬೆಲ್ ಅಂತರವೆಂದರೆ ನೂರು ಪಟ್ಟು ಶಕ್ತಿ. ಟ್ವೀಟರ್ ಸುಡುವುದು ಎಷ್ಟೋ ಸಲ ಪುಟ್ಟ ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ತಿರುಗಿಸಿದಾಗ. ಅಲೆಯ ತಲೆ ಕತ್ತರಿಸಿಹೋಗಿ ಹೆಚ್ಚುವರಿ ಶಕ್ತಿ ಮೇಲಿನ ಸ್ವರಗಳಿಗೆ ನುಗ್ಗುತ್ತದೆ. ಎಲ್‌ಎಸ್‌3/5ಎಯಲ್ಲಿ 15 ಓಮ್ ಮತ್ತು 11 ಓಮ್ ಎಂದು ಎರಡು ಬಗೆಯಿವೆ, ಒಂದೊಂದು ಬೆರೆಸಿದ ಜೋಡಿ ಕೊಳ್ಳಬೇಡ.

ಇಡುವ ಜಾಗಕ್ಕೂ ಅಷ್ಟೇ ಬೆಲೆಯಿದೆ. ಕ್ಲಿಪ್ಷ್‌ಹಾರ್ನಿಗೆ ಕೋಣೆಯ ಮೂಲೆಯೇ ಬೇಕು, ಮೂಲೆಯ ಗೋಡೆಗಳೇ ಅದರ ಕಹಳೆಯ ಕೊನೆಯ ಭಾಗ. ಕ್ವಾಡ್ ಹಿಂದಕ್ಕೂ ಅಷ್ಟೇ ದನಿ ಬಿಡುವುದರಿಂದ ಹಿಂದೆ ಒಂದು ಮೀಟರಾದರೂ ಜಾಗ ಬಿಡು. ಎಆರ್‌-3ಎ ಗೋಡೆಯ ಬದಿಯ ಕಪಾಟಿಗೆಂದೇ ಆದದ್ದು. ಎಲ್‌ಎಸ್‌3/5ಎಯನ್ನು ಸುಮಾರು 60 ಸೆಂಟಿಮೀಟರ್ ಎತ್ತರದ ಸ್ಟ್ಯಾಂಡಿನ ಮೇಲೆ, ಗೋಡೆಯಿಂದ ದೂರಕ್ಕೆ ಇಟ್ಟು ಹತ್ತಿರ ಕೂತು ಕೇಳು. ತುಂಬಿದ ವಾದ್ಯವೃಂದದ ಅಬ್ಬರ ಅದರಿಂದ ಬರುವುದಿಲ್ಲ. ಒಬ್ಬರ ಹಾಡು, ಒಂದು ತಂತಿವಾದ್ಯ, ಅದರ ಉಸಿರು ಸಮೇತ ಬರುತ್ತದೆ. ನೀನು ಕೇಳುವ ಸಂಗೀತಕ್ಕೆ ನನಗೆ ತೋಚುವುದು ಅದೇ.

ಮನೆಗೆ ತಂದ ಮೇಲೆ ಫೋಮ್ ಹರಿದಿಲ್ಲವಾದರೆ ಒಂದು ತಿಂಗಳು ಏನನ್ನೂ ಬಿಚ್ಚಬೇಡ, ಸುಮ್ಮನೆ ಕೇಳು. ಆಂಪ್ಲಿಫೈಯರನ್ನು ಎಲ್ಲಕ್ಕಿಂತ ಕೊನೆಗೆ ಆನ್ ಮಾಡು, ಎಲ್ಲಕ್ಕಿಂತ ಮೊದಲು ಆಫ್ ಮಾಡು. ಮರಕ್ಕೆ ಎಣ್ಣೆ ಹಚ್ಚುವ ಮೊದಲು ಅದು ಎಣ್ಣೆಯ ಮರವೋ ಲ್ಯಾಕರ್ ಬಳಿದದ್ದೋ ನೋಡು, ಲ್ಯಾಕರ್ ಇದ್ದರೆ ಒದ್ದೆ ಬಟ್ಟೆಯೇ ಸಾಕು. ಭಾನುವಾರ ಅಳೆದ ಓಮ್ ಅಂಕಿಗಳನ್ನೂ ಹಿಂದಿನ ಲೇಬಲ್ಲಿನ ಫೋಟೋವನ್ನೂ ಕಳಿಸು, ಹಣ ಕೊಡುವ ಮುಂಚೆ ನಾನೂ ಒಮ್ಮೆ ನೋಡುತ್ತೇನೆ.

ನಿನ್ನ
ಅಮ್ಮ