ಕಡಲಿಗೆ ಬಿದ್ದದ್ದೆಲ್ಲ ಜೆಟಿಸನ್ ಅಲ್ಲ

ಸಂಪಾದಕರೇ,

ಸಮುದ್ರದ ಪಾಲಾದ ಸರಕಿಗೆಲ್ಲ ‘ಜೆಟಿಸನ್’ ಎಂದು ಬರೆಯುವುದು ಸರಿಯಲ್ಲ. ಅಪಾಯಕ್ಕೆ ಸಿಲುಕಿದ ಹಡಗನ್ನು ಹಗುರ ಮಾಡಿ ಉಳಿಸಿಕೊಳ್ಳಲು ಬೇಕೆಂದೇ ಸರಕನ್ನು ಕಡಲಿಗೆಸೆದರೆ ಅದು ಜೆಟಿಸನ್. 2025ರ ಮೇ ತಿಂಗಳಲ್ಲಿ ಕೇರಳದ ಕಡಲಲ್ಲಿ ಮುಳುಗಿದ ‘ಎಂಎಸ್‌ಸಿ ಎಲ್ಸಾ 3’ರಿಂದ ತೇಲಿಬಂದು ದಡ ಸೇರಿದ ಕಂಟೇನರ್‌ಗಳನ್ನು ಯಾರೂ ಎಸೆದಿರಲಿಲ್ಲ. ಅಂಥವಕ್ಕೆ ‘ಫ್ಲಾಟ್ಸಮ್’ ಎಂಬ ಬೇರೆ ಪದವೇ ಇದೆ. ಎಸೆದ ಸರಕು ‘ಜೆಟ್ಸಮ್’; ಜೆಟಿಸನ್ನೇ ಸವೆದು ಆದ ರೂಪವಿದು.

ಲ್ಯಾಟಿನ್ನಿನಲ್ಲಿ ‘ಎಸೆ’ ಎಂಬರ್ಥದ ಧಾತು ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಇಂಜೆಕ್ಷನ್, ಪ್ರೊಜೆಕ್ಟರ್, ಜೆಟ್ ವಿಮಾನ ಎಲ್ಲ ಅದೇ ಬಳ್ಳಿಯವು. ಮಲ್ಪೆಯಲ್ಲಿ ದೋಣಿ ಕಟ್ಟುವ ಜೆಟ್ಟಿಯೂ ಅದರದೇ ಕುಡಿ. (ಮೈಸೂರಿನ ಜಟ್ಟಿಗೂ ಇದಕ್ಕೂ ನಂಟಿಲ್ಲ!) ಈಗ ಯೋಜನೆಯನ್ನೋ ಸಿದ್ಧಾಂತವನ್ನೋ ಕೈಬಿಟ್ಟರೂ ಇಂಗ್ಲಿಷಿನಲ್ಲಿ ಜೆಟಿಸನ್ ಎನ್ನುತ್ತಾರೆ, ಅದಿರಲಿ.

ಹಡಗಿನ ವ್ಯವಹಾರದಲ್ಲಿ ಈ ಪದದ ಹಿಂದೆ ದುಡ್ಡಿನ ಲೆಕ್ಕವಿದೆ. ಎಲ್ಲರಿಗಾಗಿ ಒಬ್ಬನ ಸರಕನ್ನು ಎಸೆದರೆ ನಷ್ಟವನ್ನು ಎಲ್ಲರೂ ಹಂಚಿಕೊಳ್ಳಬೇಕೆಂಬ ರೋಡ್ಸ್ ದ್ವೀಪದ ಹೆಸರಿನ ಕಾನೂನು 6ನೇ ಶತಮಾನದ ರೋಮನ್ ಚಕ್ರವರ್ತಿ ಜಸ್ಟಿನಿಯನ್ನನ ಸಂಹಿತೆಯಲ್ಲೇ ಇದೆ. ಇಂದು ಅದಕ್ಕೆ ‘ಜನರಲ್ ಆವರೇಜ್’ ಎನ್ನುತ್ತಾರೆ. ಹಡಗಿನ ಬೆಲೆ 60 ಕೋಟಿ, ಸರಕಿನದು 40 ಕೋಟಿ, ಅದರಲ್ಲಿ ಎಸೆದದ್ದು 5 ಕೋಟಿ ಎಂದುಕೊಳ್ಳಿ. ನಷ್ಟ ನೂರಕ್ಕೆ 5. ಹಡಗಿನ ಮಾಲೀಕ 3 ಕೋಟಿ, ಉಳಿದ ಸರಕಿನವರು 1.75 ಕೋಟಿ ಕೊಡುತ್ತಾರೆ. ಸರಕು ಕಳೆದುಕೊಂಡವನೂ ತನ್ನ ಪಾಲಿನ 25 ಲಕ್ಷ ಹೊರಬೇಕು. ಲೆಕ್ಕ ಎಡವುವುದು ಇಲ್ಲೇ: ಎಸೆದ ಸರಕನ್ನು ಒಟ್ಟು ಬೆಲೆಯಿಂದ ಬಿಟ್ಟರೆ ಅವನಿಗೆ ಪೂರ್ತಿ ಹಣ ಸಿಕ್ಕಿ, ಮಿಕ್ಕವರಷ್ಟೇ ನಷ್ಟ ಹೊರುತ್ತಾರೆ.

ಡೆಕ್ ಮೇಲಿನ ಸರಕಾದರೆ ಇನ್ನೊಂದು ತೊಡಕು. ಆ ವ್ಯಾಪಾರದಲ್ಲಿ ಅದನ್ನು ಡೆಕ್ ಮೇಲೆ ಒಯ್ಯುವ ವಾಡಿಕೆ ಇಲ್ಲದಿದ್ದರೆ ಜನರಲ್ ಆವರೇಜ್ ಲೆಕ್ಕಕ್ಕೆ ಹಡಗಿನವರು ಬಳಸುವ ಯಾರ್ಕ್-ಆಂಟ್ವರ್ಪ್ ನಿಯಮಗಳ ಪ್ರಕಾರ ಹಂಚಿಕೆಯೇ ಇಲ್ಲ.

ವಿಮೆಯಲ್ಲೂ ಅಷ್ಟೇ. ಕಡಿಮೆ ಪ್ರೀಮಿಯಮ್ಮಿನ ‘ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್ ಸಿ’ ಪಾಲಿಸಿ ಎಸೆದ ಸರಕಿಗೆ ಪರಿಹಾರ ಕೊಡುತ್ತದೆ. ಅಲೆ ಬಡಿದು ಡೆಕ್ಕಿನಿಂದ ಕೊಚ್ಚಿಹೋದದ್ದಕ್ಕೆ ಕೊಡುವುದಿಲ್ಲ, ಅದಕ್ಕೆ ‘ಬಿ’ ಬೇಕು. ರಫ್ತುದಾರರು ಪಾಲಿಸಿಗೆ ಸಹಿ ಹಾಕುವ ಮೊದಲೇ ಈ ಸಾಲನ್ನು ಹುಡುಕಿ ನೋಡಿಕೊಳ್ಳಲಿ.

– ಓದುಗರೊಬ್ಬರು, ಪಣಂಬೂರು